ಬದು ದಾಟುವ ಪೀಡೆಗಳು: ಮೆಕ್ಕೆಜೋಳ, ಜೋಳ, ಸಜ್ಜೆ ಮತ್ತು ನವಣೆಯಲ್ಲಿ ಕಳೆ, ಕೀಟ, ರೋಗಗಳ ನಿರ್ವಹಣೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳಲ್ಲಿ ಬಹುಪಾಲು ಬೇಸಾಯವು ಮಳೆಯನ್ನೇ ನಂಬಿದೆ. ತುಂಗಭದ್ರೆಯ ದಂಡೆಯ ಹಡಗಲಿ, ಹಗರಿಬೊಮ್ಮನಹಳ್ಳಿಗಳ ಎರೆಭೂಮಿಗೂ ಕೂಡ್ಲಿಗಿ, ಗುಡೇಕೋಟೆಗಳ ತೆಳುವಾದ ಕೆಂಪು ಮಸಾರಿ ನೆಲಕ್ಕೂ ಗುಣದಲ್ಲಿ ಬಹಳ ಅಂತರವಿದೆ. ಆದರೂ ಜೋಳ, ಸಜ್ಜೆ, ನವಣೆ, ರಾಗಿ ಮತ್ತು ಈಚಿನ ದಶಕಗಳಲ್ಲಿ ಎಲ್ಲವನ್ನೂ ಬದಿಗೊತ್ತಿ ಹಬ್ಬಿದ ಮೆಕ್ಕೆಜೋಳ, ಇವು ಐದೂ ತಾಲ್ಲೂಕುಗಳಿಗೆ ಸಾಮಾನ್ಯವಾದ ಧಾನ್ಯಗಳು. ಭರತ ಹುಣ್ಣಿಮೆಯ ತರುವಾಯ ಮೈಲಾರದ ಡೆಂಕಣಮರಡಿಯಲ್ಲಿ ಗೊರವಯ್ಯನು ನುಡಿಯುವ ಕಾರಣಿಕವನ್ನು ಕೇಳಿ, ಅದರಲ್ಲಿ ಮಳೆ ಬೆಳೆಯ ಸೂಚನೆಯನ್ನು ಅರ್ಥೈಸುವ ರೈತರು ಈ ಸೀಮೆಯಲ್ಲಿ ಇಂದಿಗೂ ಇದ್ದಾರೆ. ಮಳೆಯ ವಿಷಯದಲ್ಲಿ ಮನುಷ್ಯನಿಂದ ಆಗುವುದು ಅಷ್ಟೇ ಇರಬಹುದು. ಆದರೆ ಮಳೆ ಬಂದು ಬೆಳೆ ಮೇಲೆದ್ದ ಮೇಲೆ ಕಳೆ, ಹುಳು, ರೋಗಗಳ ಪಾಲಾಗುವ ಫಸಲನ್ನು ಉಳಿಸಿಕೊಳ್ಳುವುದು ಬಹುಮಟ್ಟಿಗೆ ಊರಿನ ಕೈಯಲ್ಲಿಯೇ ಇದೆ.

ಇಲ್ಲಿ ‘ರೈತನ ಕೈಯಲ್ಲಿ’ ಎನ್ನದೆ ‘ಊರಿನ ಕೈಯಲ್ಲಿ’ ಎಂದಿರುವುದಕ್ಕೆ ಕಾರಣವಿದೆ. ಒಬ್ಬ ರೈತನು ತನ್ನ ಹೊಲವನ್ನು ಎಷ್ಟೇ ಶುದ್ಧವಾಗಿ ಇಟ್ಟುಕೊಂಡರೂ ಪಕ್ಕದ ಬೀಳು ಭೂಮಿಯಲ್ಲಿ ಹೂಬಿಟ್ಟ ಪಾರ್ಥೇನಿಯಂನ ಬೀಜವು ಗಾಳಿಯಲ್ಲಿ, ನೀರಿನಲ್ಲಿ ಅವನ ಹೊಲಕ್ಕೆ ಬಂದೇ ಬರುತ್ತದೆ. ಸೈನಿಕ ಹುಳುವಿನ ಪತಂಗವು ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರಿನಷ್ಟು ದೂರ ಹಾರಬಲ್ಲದು. ಸಂವಿಧಾನದ 11ನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯು ಆರಂಭವಾಗುವುದೇ ‘ಕೃಷಿ ವಿಸ್ತರಣೆಯೂ ಸೇರಿದಂತೆ ಕೃಷಿ’ ಎಂಬುದರಿಂದ. ರಸ್ತೆ, ಚರಂಡಿ, ಬೀದಿದೀಪಗಳ ಚರ್ಚೆಯಲ್ಲಿ ಈ ಮೊದಲನೆಯ ವಿಷಯವು ಹಲವು ಸಭೆಗಳಲ್ಲಿ ಕಡೆಯದಾಗಿಬಿಡುತ್ತದೆ.

ಕಳೆ: ಮೊದಲ ನಲವತ್ತು ದಿನಗಳು

ಬೆಳೆಯ ಜೀವಿತದಲ್ಲಿ ಕಳೆಯಿಂದ ಆಗುವ ನಷ್ಟವು ಎಲ್ಲ ಕಾಲದಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಮೆಕ್ಕೆಜೋಳ, ಜೋಳ, ಸಜ್ಜೆಗಳಲ್ಲಿ ಬಿತ್ತಿದ 15ನೆಯ ದಿನದಿಂದ 40-45ನೆಯ ದಿನದವರೆಗಿನ ಅವಧಿಯೇ ನಿರ್ಣಾಯಕ. ಅಷ್ಟರಲ್ಲಿ ಬೆಳೆಯ ಎಲೆಗಳು ಸಾಲಿನ ನಡುವಿನ ನೆಲಕ್ಕೆ ನೆರಳು ಮಾಡಿದರೆ ಮುಂದೆ ಹುಟ್ಟುವ ಕಳೆಯು ತಾನಾಗಿಯೇ ಸೊರಗುತ್ತದೆ. ಆ ಅವಧಿಯಲ್ಲಿ ತಡಮಾಡಿ, ಕಳೆಯು ಮೊಳಕಾಲೆತ್ತರಕ್ಕೆ ಬಂದ ಮೇಲೆ ಹೆಚ್ಚು ಕೂಲಿ ಕೊಟ್ಟು ತೆಗೆಸಿದರೂ, ಅದು ಆಗಲೇ ಹೀರಿಕೊಂಡ ತೇವ ಮತ್ತು ಗೊಬ್ಬರಗಳು ಹಿಂದಿರುಗುವುದಿಲ್ಲ. ಮಳೆ ಕಡಿಮೆಯಾದ ಮಸಾರಿ ನೆಲದಲ್ಲಿ ಗೊಬ್ಬರಕ್ಕಿಂತಲೂ ತೇವದ ನಷ್ಟವೇ ದೊಡ್ಡದು.

ನವಣೆಯ ಸಸಿ ಮೊದಲ ಮೂರು ವಾರ ಬಹಳ ನಿಧಾನವಾಗಿ ಬೆಳೆಯುತ್ತದೆ. ಹುಲ್ಲುಜಾತಿಯ ಕಳೆಗಳು ಆಗ ನವಣೆಯಂತೆಯೇ ಕಾಣುವುದರಿಂದ ಅನುಭವವಿಲ್ಲದವರ ಕೈಗೆ ಪೈರೇ ಕಿತ್ತು ಬರುವುದುಂಟು. ಕೈಯಿಂದ ಚೆಲ್ಲಿ ಬಿತ್ತಿದ ಹೊಲದಲ್ಲಿ ಇದಕ್ಕೆ ಪರಿಹಾರವಿಲ್ಲ. ಕೂರಿಗೆಯಿಂದ ಸಾಲಾಗಿ ಬಿತ್ತಿದ ಹೊಲದಲ್ಲಿ ಎಡೆಕುಂಟೆ ಹೊಡೆಯಲು ಅವಕಾಶವಿರುತ್ತದೆ. 20 ದಿನಕ್ಕೊಮ್ಮೆ, 35 ದಿನಕ್ಕೊಮ್ಮೆ ಎರಡು ಎಡೆ ಹೊಡೆದು, ಸಾಲಿನೊಳಗಿನ ಕಳೆಯನ್ನು ಒಂದು ಬಾರಿ ಕೈಯಿಂದ ತೆಗೆಸಿದರೆ ನವಣೆ, ಸಜ್ಜೆಗಳಿಗೆ ಕಳೆನಾಶಕದ ಅಗತ್ಯವೇ ಬೀಳದು. ಎಡೆಕುಂಟೆಯು ಕಳೆಯನ್ನು ಕೀಳುವುದರ ಜೊತೆಗೆ ಮೇಲ್ಮಣ್ಣನ್ನು ಸಡಿಲಗೊಳಿಸಿ, ಬಿರುಕುಗಳನ್ನು ಮುಚ್ಚಿ, ಒಳಗಿನ ತೇವ ಆವಿಯಾಗದಂತೆ ತಡೆಯುತ್ತದೆ. ಎತ್ತುಗಳು ಕಡಿಮೆಯಾದ ಊರುಗಳಲ್ಲಿ ಸೈಕಲ್ ಕುಂಟೆಯೂ ಸಣ್ಣ ಯಂತ್ರಚಾಲಿತ ಕುಂಟೆಯೂ ಅದೇ ಕೆಲಸ ಮಾಡುತ್ತವೆ. ಇಂತಹ ಸಲಕರಣೆಗಳನ್ನು ಬಾಡಿಗೆಗೆ ಪಡೆಯುವ ವ್ಯವಸ್ಥೆ ತಮ್ಮ ಹೋಬಳಿಯಲ್ಲಿ ಎಲ್ಲಿದೆ ಎಂಬುದನ್ನು ಸದಸ್ಯರು ಜೂನ್ ತಿಂಗಳಿಗೆ ಮೊದಲೇ ತಿಳಿದಿರುವುದು ಲೇಸು.

ಮೆಕ್ಕೆಜೋಳದಲ್ಲಿ ಅಟ್ರಜಿನ್ ಬಳಕೆ ಈಗ ಸಾಮಾನ್ಯವಾಗಿದೆ. ಬಿತ್ತಿದ ಎರಡು ಮೂರು ದಿನಗಳೊಳಗೆ, ಮಣ್ಣು ತೇವವಾಗಿರುವಾಗ, ಶೇ. 50ರ ಪುಡಿಯನ್ನು ಎಕರೆಗೆ 400ರಿಂದ 800 ಗ್ರಾಂ ಪ್ರಮಾಣದಲ್ಲಿ ಸುಮಾರು 200ರಿಂದ 280 ಲೀಟರ್ ನೀರಿನಲ್ಲಿ ಬೆರೆಸಿ ಸಿಂಪಡಿಸಬೇಕು. ಹಗುರವಾದ ಕೆಂಪು ಮಣ್ಣಿಗೆ ಕಡಿಮೆ ಪ್ರಮಾಣ, ಎರೆಗೆ ಹೆಚ್ಚಿನ ಪ್ರಮಾಣ. ಒಣ ಮಣ್ಣಿನ ಮೇಲೆ ಸಿಂಪಡಿಸಿದ ಔಷಧಿಯು ವ್ಯರ್ಥ. ಇದಕ್ಕಿಂತಲೂ ಮುಖ್ಯವಾದ ಎಚ್ಚರಿಕೆಯೊಂದಿದೆ: ಅಟ್ರಜಿನ್ ಅಗಲ ಎಲೆಯ ಸಸ್ಯಗಳನ್ನು ಕೊಲ್ಲುತ್ತದೆ, ತೊಗರಿ, ಅಲಸಂದೆ, ಅವರೆಗಳೂ ಅಗಲ ಎಲೆಯವೇ. ಮೆಕ್ಕೆಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕಿದವರು ಅಟ್ರಜಿನ್ ಬಳಸಿದರೆ ತೊಗರಿ ಹುಟ್ಟುವುದಿಲ್ಲ. ಅಂತಹ ಹೊಲಕ್ಕೆ ಪೆಂಡಿಮೆಥಾಲಿನ್ ಸೂಕ್ತ. ಅಕ್ಕಡಿ ಸಾಲುಗಳು ಈ ಸೀಮೆಯಿಂದ ಮಾಯವಾಗುತ್ತಿರುವುದಕ್ಕೆ ಕಳೆನಾಶಕವೂ ಒಂದು ಕಾರಣ. ಮನೆಗೆ ಬೇಕಾದ ಬೇಳೆಯನ್ನು ಸಂತೆಯಲ್ಲಿ ಕೊಳ್ಳುವ ಸ್ಥಿತಿಗೆ ರೈತ ಕುಟುಂಬಗಳು ಬಂದಿರುವುದನ್ನು ಕಳೆನಾಶಕದ ಉಳಿತಾಯದ ಲೆಕ್ಕದಲ್ಲಿ ಯಾರೂ ಸೇರಿಸುವುದಿಲ್ಲ.

ಬೆಳೆ ಎದ್ದ ಮೇಲೆ ಸಿಂಪಡಿಸುವ 2,4-ಡಿ ಎಂಬ ಕಳೆನಾಶಕದಿಂದ ನೆರೆಹೊರೆಯ ಜಗಳಗಳು ಪಂಚಾಯಿತಿಯ ಮುಂದೆ ಬರುವ ಸಂಭವವಿರುತ್ತದೆ. ಜೋಳ, ಮೆಕ್ಕೆಜೋಳಗಳಿಗೆ ಇದರಿಂದ ಹಾನಿಯಿಲ್ಲ. ಗಾಳಿಯಲ್ಲಿ ತೇಲಿ ಪಕ್ಕದ ಹತ್ತಿ, ಸೂರ್ಯಕಾಂತಿ, ಟೊಮೆಟೊ ಬೆಳೆಗಳ ಮೇಲೆ ಬಿದ್ದರೆ ಮಾತ್ರ ಎಲೆಗಳು ಸುರುಳಿಯಾಗಿ, ಕಿರಿದಾಗಿ, ಗಿಡವೇ ಕೆಡುತ್ತದೆ. ಗಾಳಿ ಬೀಸುವ ಹೊತ್ತಿನಲ್ಲಿ ಇದನ್ನು ಹೊಡೆಯಬಾರದು, ಇದಕ್ಕೆ ಬಳಸಿದ ಪಂಪಿನಲ್ಲಿ ಬೇರೆ ಬೆಳೆಗೆ ಔಷಧಿ ಹೊಡೆಯಬಾರದು. ಹತ್ತಿಯ ಎಲೆ ಸುರುಳಿಯಾದೊಡನೆ ವೈರಸ್ ರೋಗವೆಂದು ಭಾವಿಸಿ ಮತ್ತೊಂದು ಔಷಧಿಗೆ ಹಣ ಸುರಿಯುವ ಮೊದಲು, ಹಿಂದಿನ ವಾರ ಪಕ್ಕದ ಹೊಲದಲ್ಲಿ ಏನು ಸಿಂಪಡಿಸಲಾಯಿತೆಂದು ವಿಚಾರಿಸುವುದು ಯುಕ್ತ.

ಜೋಳದ ಬೇರಿಗೆ ಅಂಟಿಕೊಂಡು ಜೀವಿಸುವ ಸ್ಟ್ರೈಗಾ ಎಂಬ ಪರಾವಲಂಬಿ ಕಳೆಯ ಬಗೆ ಬೇರೆ. ಚಿಕ್ಕ ಬಿಳಿಯ ಹೂವಿನ, ಒಂದು ಗೇಣಿನಷ್ಟು ಎತ್ತರದ ಈ ಗಿಡವು ನೆಲದ ಮೇಲೆ ಕಾಣಿಸಿಕೊಳ್ಳುವ ವೇಳೆಗೆ ಹಾನಿಯ ಬಹುಭಾಗ ನೆಲದೊಳಗೆ ಮುಗಿದಿರುತ್ತದೆ. ತೇವವಿದ್ದರೂ ಜೋಳವು ಬಾಡಿದಂತೆ, ಹಳದಿಯಾಗಿ ಕಾಣುವುದು ಇದರ ಲಕ್ಷಣ. ಧೂಳಿನಷ್ಟು ಸಣ್ಣದಾದ ಇದರ ಬೀಜಗಳು ಒಂದೊಂದು ಗಿಡದಿಂದ ಸಾವಿರಾರು ಉದುರಿ, ಹತ್ತಾರು ವರ್ಷ ಮಣ್ಣಿನಲ್ಲಿ ಜೀವ ಹಿಡಿದಿರುತ್ತವೆ. ಆದುದರಿಂದ ಹೂಬಿಡುವ ಮೊದಲೇ ಕಿತ್ತು ಸುಡುವುದು ಈ ವರ್ಷದ ಬೆಳೆಗಾಗಿ ಅಲ್ಲ, ಮುಂದಿನ ವರ್ಷಗಳ ಬೆಳೆಗಾಗಿ. ಹತ್ತಿ, ಶೇಂಗಾ, ಸೂರ್ಯಕಾಂತಿ, ಅಲಸಂದೆಗಳ ಬೇರಿನ ರಸಕ್ಕೆ ಈ ಬೀಜಗಳು ಮೊಳೆಯುತ್ತವೆ, ಆದರೆ ಅಂಟಿಕೊಳ್ಳಲಾರದೆ ಸಾಯುತ್ತವೆ. ಒಂದೇ ಹೊಲದಲ್ಲಿ ವರ್ಷ ಬಿಟ್ಟು ವರ್ಷ ಬೆಳೆ ಬದಲಿಸುತ್ತಿದ್ದ ಹಿರಿಯರ ಪದ್ಧತಿಯು ಈ ಕಳೆಯ ಬೀಜದ ದಾಸ್ತಾನನ್ನು ಕಡಿಮೆ ಮಾಡುತ್ತಿತ್ತು.

ಇನ್ನು ಪಾರ್ಥೇನಿಯಂ, ಅಂದರೆ ಜನರು ಕಾಂಗ್ರೆಸ್ ಗಿಡ ಎನ್ನುವ ಕಳೆ. ಇದು 1955ರಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟ ಬಳಿಕ ದೇಶದಾದ್ಯಂತ ಹರಡಿತು. ಇದನ್ನು ತಿನ್ನುವ ಮೆಕ್ಸಿಕೋ ಮೂಲದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಮಳೆಗಾಲದಲ್ಲಿ ಎಲೆಗಳನ್ನು ಜಾಲರಿಯಂತೆ ತಿಂದು ಹಾಕುವ ಈ ಪಟ್ಟೆಯ ದುಂಬಿಯನ್ನು ಹಾನಿಕಾರಕವೆಂದು ಭಾವಿಸಿ ಕೊಲ್ಲುವುದು ಸಲ್ಲದು. ಶಾಲೆಯ ಆವರಣ, ಗೋಮಾಳ, ಕೆರೆಯ ಅಂಗಳ, ರಸ್ತೆಯ ಬದಿ, ಇವೆಲ್ಲ ಪಂಚಾಯಿತಿಯ ಹೊಣೆಯ ಜಾಗಗಳು. ಇಲ್ಲಿ ಹೂಬಿಡುವ ಮೊದಲು, ಮಳೆಯ ತೇವವಿರುವಾಗ, ಕೈಗವಸು ಹಾಕಿಕೊಂಡು ಬೇರುಸಹಿತ ಕೀಳಿಸುವ ಕೆಲಸವನ್ನು ಜುಲೈ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಮಾಡಿಸಬಹುದು. ಹೂಬಿಟ್ಟ ಮೇಲೆ ಕೀಳಿಸುವುದರಿಂದ ಬೀಜ ಉದುರಿಸಿದಂತಾಗುವುದಲ್ಲದೆ, ಕೀಳುವವರಿಗೆ ಚರ್ಮದ ತುರಿಕೆ, ಉಬ್ಬಸಗಳೂ ಉಂಟಾಗುತ್ತವೆ.

ಮೆಕ್ಕೆಜೋಳದ ಸೈನಿಕ ಹುಳು

ಅಮೆರಿಕ ಖಂಡದ ಮೂಲನಿವಾಸಿಯಾದ ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು. ಭಾರತದಲ್ಲಿ ಮೊದಲ ಬಾರಿಗೆ ಅದು ಪತ್ತೆಯಾದುದು 2018ರ ಮೇ ತಿಂಗಳಲ್ಲಿ, ನಮ್ಮದೇ ರಾಜ್ಯದ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಅಲ್ಲಿಂದ ದಾವಣಗೆರೆ, ಹರಪನಹಳ್ಳಿಗಳ ಮೆಕ್ಕೆಜೋಳದ ಸೀಮೆ ದೂರವೇನಲ್ಲ. ಅದೇ ಮುಂಗಾರಿನಲ್ಲಿ ಈ ಹುಳು ರಾಜ್ಯದ ಮೆಕ್ಕೆಜೋಳದ ಪ್ರದೇಶಗಳಿಗೆಲ್ಲ ಹಬ್ಬಿತು. ಹಳ್ಳಿಗರು ಇದನ್ನು ಸಾಮಾನ್ಯವಾಗಿ ಲದ್ದಿ ಹುಳು ಎನ್ನುತ್ತಾರೆ. ಸುಳಿಯೊಳಗೆ ಕುಳಿತು ತಿನ್ನುತ್ತ, ಹಸಿ ಕಟ್ಟಿಗೆಯ ಪುಡಿಯಂತಹ ಹಿಕ್ಕೆಯನ್ನು ಸುಳಿಯ ತುಂಬ ತುಂಬುವುದರಿಂದ ಆ ಹೆಸರು ಸಾರ್ಥಕವಾಗಿಯೇ ಇದೆ.

ಗುರುತಿಸುವ ವಿಧಾನವನ್ನು ಪ್ರತಿ ಸದಸ್ಯನೂ ಅರಿತಿರಬೇಕು. ಮರಿಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ‘ವೈ’ ಅಕ್ಷರದ ಆಕಾರದ ಬಿಳಿಗೆರೆ ಇರುತ್ತದೆ. ಬಾಲದ ಬಳಿ ಚೌಕಾಕಾರದಲ್ಲಿ ಜೋಡಿಸಿದಂತೆ ನಾಲ್ಕು ಕಪ್ಪು ಚುಕ್ಕೆಗಳಿರುತ್ತವೆ. ಹೆಣ್ಣು ಪತಂಗವು ಎಲೆಯ ಮೇಲೆ ನೂರರಿಂದ ಇನ್ನೂರರಷ್ಟು ಮೊಟ್ಟೆಗಳನ್ನು ಗುಂಪಾಗಿ ಇಟ್ಟು ನವಿರಾದ ಕೂದಲಿನಿಂದ ಮುಚ್ಚುತ್ತದೆ. ಮೊದಲ ಹಂತದ ಮರಿಗಳು ಎಲೆಯ ಹಸಿರನ್ನು ಕೆರೆದು ಕಿಟಕಿಯ ಗಾಜಿನಂತಹ ತೆಳು ಪೊರೆಯನ್ನು ಉಳಿಸುತ್ತವೆ. ಈ ‘ಕಿಟಕಿ’ಗಳು ಕಾಣುವ ವಾರವೇ ಹತೋಟಿಗೆ ತಕ್ಕ ಸಮಯ. ಎಲೆಯಲ್ಲಿ ಸಾಲು ಸಾಲಾಗಿ ದೊಡ್ಡ ತೂತುಗಳಾಗಿ, ಸುಳಿಯಲ್ಲಿ ಲದ್ದಿ ತುಂಬಿದಾಗ ಹುಳು ಬಲಿತು ಒಳಸೇರಿರುತ್ತದೆ. ಆಗ ಎಲೆಯ ಮೇಲೆ ಹೊಡೆದ ಔಷಧಿಯು ಅದನ್ನು ಮುಟ್ಟುವುದೇ ಇಲ್ಲ. ಬಹಳಷ್ಟು ರೈತರು ಅಂಗಡಿಗೆ ಧಾವಿಸುವುದು ಈ ಎರಡನೆಯ ಹಂತದಲ್ಲಿ, ಮತ್ತು ಎರಡು ಮೂರು ಔಷಧಿಗಳನ್ನು ಒಟ್ಟಿಗೆ ಕಲಸಿ ಹೊಡೆದು ‘ಔಷಧಿಯಲ್ಲಿ ಸತ್ವವಿಲ್ಲ’ ಎನ್ನುವುದೂ ಆಗಲೇ.

ಬೆಳೆ ಹುಟ್ಟಿದ ಒಂದು ವಾರದಿಂದ ಆರು ವಾರಗಳವರೆಗೆ, ವಾರಕ್ಕೆ ಎರಡು ಬಾರಿ ಹೊಲವನ್ನು ನಡೆದು ನೋಡಬೇಕು. ಹೊಲದ ಐದು ಕಡೆಗಳಲ್ಲಿ, ಒಂದೊಂದು ಕಡೆ 20 ಗಿಡಗಳಂತೆ ಒಟ್ಟು 100 ಗಿಡಗಳನ್ನು ಎಣಿಸುವುದು. ಅವುಗಳಲ್ಲಿ 5 ಗಿಡಗಳಿಗೆ ಹಾನಿಯಾಗಿದ್ದರೆ ಬೇವಿನ ಬೀಜದ ಕಷಾಯ. ಮುಂದಿನ ಹಂತದಲ್ಲಿ, ಸುಳಿ ದಪ್ಪವಾದ ಮೇಲೆ, 10ರಿಂದ 20 ಗಿಡಗಳಿಗೆ ಹಾನಿಯಾಗಿದ್ದರೆ ಮಾತ್ರ ರಾಸಾಯನಿಕ. ಎಣಿಕೆಯಲ್ಲಿ ಎರಡೋ ಮೂರೋ ಗಿಡ ಸಿಕ್ಕಿದ್ದಕ್ಕೆ ಇಡೀ ಹೊಲಕ್ಕೆ ಸಿಂಪಡಿಸುವುದು ಹಣ ಚೆಲ್ಲಿದಂತೆ. ಸೂಲಂಗಿ ಹೊರಬಿದ್ದ ಮೇಲೆ ಸಿಂಪರಣೆಯಿಂದ ಪ್ರಯೋಜನವಿಲ್ಲ.

ರಾಸಾಯನಿಕ ಅನಿವಾರ್ಯವಾದಲ್ಲಿ ಕೇಂದ್ರ ಕೃಷಿ ಸಚಿವಾಲಯದ ಸಲಹೆಯಲ್ಲಿರುವ ಮೂರು ಔಷಧಿಗಳು ಇವು: ಇಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಲೀಟರ್ ನೀರಿಗೆ 0.4 ಗ್ರಾಂ, ಅಥವಾ ಸ್ಪಿನೆಟೊರಾಮ್ 11.7 ಎಸ್‌ಸಿ 0.5 ಮಿ.ಲೀ., ಅಥವಾ ಕ್ಲೋರಾಂಟ್ರನಿಲಿಪ್ರೋಲ್ 18.5 ಎಸ್‌ಸಿ 0.4 ಮಿ.ಲೀ. ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಎಕರೆಗೆ 200 ಲೀಟರ್ ನೀರು ಬಳಸಿದರೆ ಇಮಾಮೆಕ್ಟಿನ್ 80 ಗ್ರಾಂ ಬೇಕಾಗುತ್ತದೆ. 16 ಲೀಟರಿನ ಒಂದು ಪಂಪಿಗೆ 6.4 ಗ್ರಾಂ. ಮುಚ್ಚಳದ ಅಳತೆಯಲ್ಲಿ ಅಂದಾಜಿಗೆ ಸುರಿಯುವ ರೂಢಿಯಿಂದ ಒಂದು ಪಂಪಿಗೆ ಹೆಚ್ಚು, ಮತ್ತೊಂದಕ್ಕೆ ಕಡಿಮೆಯಾಗುತ್ತದೆ. ಎರಡನೆಯ ಸಿಂಪರಣೆ ಬೇಕಾದರೆ ಬೇರೆ ಗುಂಪಿನ ಔಷಧಿಯನ್ನು ಆರಿಸಬೇಕು, ಇಲ್ಲವಾದರೆ ಹುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಮುಂಜಾನೆ ಅಥವಾ ಸಂಜೆ, ಪಂಪಿನ ಮೂತಿಯನ್ನು ಸುಳಿಯೊಳಕ್ಕೇ ತಿರುಗಿಸಿ ಹೊಡೆಯಬೇಕು.

ಬಲಿತ ಹುಳುಗಳಿಗೆ ವಿಷದ ಆಮಿಷವು ಸಿಂಪರಣೆಗಿಂತ ಪರಿಣಾಮಕಾರಿ. 10 ಕಿಲೋ ಅಕ್ಕಿ ತೌಡು ಮತ್ತು 2 ಕಿಲೋ ಬೆಲ್ಲವನ್ನು 2-3 ಲೀಟರ್ ನೀರಿನಲ್ಲಿ ಕಲಸಿ 24 ಗಂಟೆ ಹುದುಗಲು ಬಿಟ್ಟು, ಹೊಲಕ್ಕೆ ಒಯ್ಯುವ ಅರ್ಧ ಗಂಟೆ ಮುಂಚೆ 100 ಗ್ರಾಂ ಥಯೋಡಿಕಾರ್ಬ್ ಬೆರೆಸಿ, ಸಂಜೆಯ ವೇಳೆ ಸುಳಿಗಳಿಗೆ ಉದುರಿಸುವುದು. ಬೆಲ್ಲದ ವಾಸನೆಗೆ ದನ, ಕುರಿ, ಕೋಳಿ, ನಾಯಿಗಳೂ ಬರುತ್ತವೆ, ಮಕ್ಕಳೂ ಬರಬಹುದು. ಆಮಿಷ ಕಲಸಿದ ಬುಟ್ಟಿ, ಬಕೆಟ್ಟುಗಳನ್ನು ಅಡುಗೆಮನೆಗೆ ಹಿಂದಿರುಗಿಸಬಾರದು. ಕುರಿಗಾಹಿಗಳು ಹಿಂಡು ಹೊಡೆದುಕೊಂಡು ಬರುವ ಕೂಡ್ಲಿಗಿ, ಕೊಟ್ಟೂರು ಭಾಗದಲ್ಲಿ ಆಮಿಷ ಹಾಕಿದ ಹೊಲಗಳ ಸುದ್ದಿಯನ್ನು ಡಂಗುರ ಹೊಡೆಸಿಯೋ ಧ್ವನಿವರ್ಧಕದಲ್ಲಿಯೋ ತಿಳಿಸುವುದು ಪಂಚಾಯಿತಿಯ ಕರ್ತವ್ಯವೆಂದೇ ಭಾವಿಸಬೇಕು. ಸಿಂಪಡಿಸಿದ ಹೊಲದ ಹಸಿ ಮೇವನ್ನು ಡಬ್ಬಿಯ ಚೀಟಿಯಲ್ಲಿ ಹೇಳಿದಷ್ಟು ದಿನ ಕಳೆಯುವವರೆಗೆ ದನಗಳಿಗೆ ಹಾಕಬಾರದು.

ಇಷ್ಟೆಲ್ಲ ಖರ್ಚಿನ ದಾರಿಗಳಿಗಿಂತ ಮೊದಲಿನ ದಾರಿಯೊಂದಿದೆ, ಅದು ಊರು ಒಗ್ಗೂಡಿದಾಗ ಮಾತ್ರ ಸಾಧ್ಯ. ಮೃಗಶಿರ ಮಳೆಗೆ ಒಬ್ಬರು, ಆರಿದ್ರಕ್ಕೆ ಕೆಲವರು, ಪುನರ್ವಸುವಿಗೆ ಉಳಿದವರು ಬಿತ್ತಿದರೆ ಊರಿನಲ್ಲಿ ಎಲ್ಲ ವಯಸ್ಸಿನ ಮೆಕ್ಕೆಜೋಳವೂ ಏಕಕಾಲದಲ್ಲಿರುತ್ತದೆ. ಮೊದಲ ಹೊಲದಲ್ಲಿ ಹುಟ್ಟಿದ ಪತಂಗವು ಎರಡನೆಯದರಲ್ಲಿ, ಅದರ ಸಂತಾನವು ಮೂರನೆಯದರಲ್ಲಿ ಮೊಟ್ಟೆ ಇಡುತ್ತದೆ. ಒಂದು ತಲೆಮಾರು ಪೂರ್ಣಗೊಳ್ಳಲು ಹುಳುವಿಗೆ ಸುಮಾರು 30ರಿಂದ 40 ದಿನಗಳು ಸಾಕು. ಕಡೆಗೆ ಬಿತ್ತಿದವನ ಹೊಲಕ್ಕೇ ಹಾನಿ ಹೆಚ್ಚು. ಎತ್ತು, ಟ್ರ್ಯಾಕ್ಟರು, ಬೀಜದ ಹಣ ಇವುಗಳಿಗಾಗಿ ಇನ್ನೊಬ್ಬರನ್ನು ಕಾಯುವ ಸಣ್ಣ ಹಿಡುವಳಿದಾರರೇ ಕಡೆಗೆ ಬಿತ್ತುವವರಾಗಿರುತ್ತಾರೆ ಎಂಬುದನ್ನು ಸದಸ್ಯರು ಗಮನಿಸಬೇಕು. ಬಿತ್ತನೆಯ ಹದ ಬಂದ ಹತ್ತು ಹನ್ನೆರಡು ದಿನಗಳೊಳಗೆ ಊರಿನ ಬಿತ್ತನೆ ಮುಗಿಯುವಂತೆ ಟ್ರ್ಯಾಕ್ಟರ್, ಕೂರಿಗೆಗಳ ಸರದಿಯನ್ನು ಗ್ರಾಮಸಭೆಯಲ್ಲಿ ಮೊದಲೇ ಗೊತ್ತುಪಡಿಸಿದರೆ ಯಾವ ಔಷಧಿಯೂ ಮಾಡದ ಕೆಲಸವಾಗುತ್ತದೆ.

ಬೇವಿನ ವಿಷಯವೂ ಹಾಗೆಯೇ. ಈ ಐದು ತಾಲ್ಲೂಕುಗಳಲ್ಲಿ ಬೇವಿನ ಮರಗಳಿಗೆ ಕೊರತೆಯಿಲ್ಲ. ಶೇ. 5ರ ಕಷಾಯಕ್ಕೆ 100 ಲೀಟರ್ ನೀರಿಗೆ 5 ಕಿಲೋ ಬೀಜದ ತಿರುಳು ಬೇಕು, ಎಂದರೆ ಎಕರೆಗೆ 10 ಕಿಲೋ. ಹಣ್ಣು ಉದುರುವ ಕಾಲದಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರು ಆಯ್ದು, ತೊಳೆದು, ನೆರಳಿನಲ್ಲಿ ಒಣಗಿಸಿ, ಗಾಳಿಯಾಡುವ ಚೀಲದಲ್ಲಿಟ್ಟ ಬೀಜವು ಜುಲೈ, ಆಗಸ್ಟ್‌ನಲ್ಲಿ ಬೇಡಿಕೆಯ ಸರಕಾಗುತ್ತದೆ. ಬೀಜವನ್ನು ಕುಟ್ಟಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸಾಬೂನು ಬೆರೆಸಿ, ಬಿಸಿಲು ಇಳಿದ ಮೇಲೆ ಸಿಂಪಡಿಸಬೇಕು. ಬಲಿತ ಹುಳುವಿಗೆ ಇದು ನಾಟದು.

ಮಳೆ ಹಿಡಿದ ದಿನಗಳಲ್ಲಿ ಕೆಲವು ಹುಳುಗಳು ಎಲೆಯ ಮೇಲೆಯೇ ಬಿಳಿಯಾಗಿ, ಬಳಿಕ ತಿಳಿಹಸಿರಾಗಿ, ಕಡ್ಡಿಯಂತೆ ಗಡುಸಾಗಿ ಸತ್ತಿರುವುದು ಕಾಣುತ್ತದೆ. ಅದು ನೊಮುರಿಯಾ ರಿಲೇಯಿ ಎಂಬ ಶಿಲೀಂಧ್ರದ ಕೆಲಸ. ಅಂತಹ ಹುಳುಗಳು ಹೊಲದಲ್ಲಿ ಹೇರಳವಾಗಿದ್ದರೆ ಒಂದು ವಾರ ಕಾದು ನೋಡುವುದು ಜಾಣತನ.

ಕೆಂಪು ಕಂಬಳಿ ಹುಳು

ಮಸಾರಿ ಭೂಮಿಯ ಶೇಂಗಾ ಬೆಳೆಗೆ ಮುಖ್ಯ ಶತ್ರುವಾದ ಈ ಹುಳು, ಶೇಂಗಾ ಮುಗಿಸಿದ ಮೇಲೆ ಸಜ್ಜೆ, ಜೋಳ, ನವಣೆಗಳ ಎಳೆಯ ಪೈರಿಗೂ ಹಿಂಡಾಗಿ ನುಗ್ಗುತ್ತದೆ. ಇದರ ಕೋಶಗಳು ಬದುಗಳಲ್ಲಿ, ಮರದ ಬುಡದ ಮಣ್ಣಿನಲ್ಲಿ ತಿಂಗಳುಗಟ್ಟಲೆ ನಿದ್ರಿಸಿದ್ದು, ಮುಂಗಾರಿನ ಮೊದಲ ಹದ ಮಳೆಯಾದ ಕೆಲವೇ ದಿನಗಳಲ್ಲಿ ಒಮ್ಮೆಗೇ ಪತಂಗಗಳಾಗಿ ಹೊರಬರುತ್ತವೆ. ಆ ಸಂಜೆಗಳಲ್ಲಿ ಊರಿನ ದೀಪಗಳಿಗೆ ಪತಂಗಗಳು ಮುತ್ತುವುದೇ ಎಚ್ಚರಿಕೆಯ ಗಂಟೆ. ಹೊಲಗಳ ಬದುಗಳಲ್ಲಿ ರಾತ್ರಿ 7ರಿಂದ 10 ಗಂಟೆಯವರೆಗೆ ಒಂದೇ ಸಮಯದಲ್ಲಿ ಬೆಂಕಿ ಹಾಕುವುದು, ಇಲ್ಲವೇ ದೀಪದ ಕೆಳಗೆ ಸೀಮೆಎಣ್ಣೆ ಬೆರೆಸಿದ ನೀರಿನ ತಟ್ಟೆ ಇಡುವುದು, ಮೊಟ್ಟೆಯ ಗುಂಪುಗಳಿರುವ ಎಲೆಗಳನ್ನು ಆಯ್ದು ನಾಶಮಾಡುವುದು, ಇವೆಲ್ಲ ಸರಳ ಕ್ರಮಗಳು. ಒಬ್ಬನೇ ಬೆಂಕಿ ಹಾಕಿದರೆ ಊರಿನ ಪತಂಗಗಳೆಲ್ಲ ಅವನ ಹೊಲಕ್ಕೇ ಬರುತ್ತವೆ. ಬೇಸಿಗೆಯ ಮಾಗಿ ಉಳುಮೆಯಲ್ಲಿ ಮೇಲೆ ಬಂದ ಕೋಶಗಳನ್ನು ಹಕ್ಕಿಗಳು ಆಯ್ದು ತಿನ್ನುತ್ತವೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಪಕ್ಷಿಧಾಮದ ಹಕ್ಕಿಗಳಷ್ಟೇ ಹಕ್ಕಿಗಳಲ್ಲ, ನೇಗಿಲಿನ ಹಿಂದೆ ನಡೆಯುವ ಬೆಳ್ಳಕ್ಕಿ, ಗೊರವಂಕಗಳೂ ರೈತನ ಆಳುಗಳೇ. ಹುಳುಗಳು ಹಿಂಡಾಗಿ ಚಲಿಸತೊಡಗಿದರೆ ಹೊಲದ ಸುತ್ತ ಒಂದು ಅಡಿ ಆಳದ ನೆಟ್ಟಗಿನ ಗೋಡೆಯ ಕಂದಕ ತೋಡಿ ತಡೆಯಬಹುದು.

ಜೋಳದ ಸುಳಿ ನೊಣವು ತಡವಾಗಿ ಬಿತ್ತಿದ ಬೆಳೆಯನ್ನು ಹುಡುಕಿಕೊಂಡು ಬರುತ್ತದೆ. ಮುಂಗಾರು ಜೋಳವನ್ನು ಮಳೆ ಆರಂಭವಾದ ಎರಡು ವಾರಗಳೊಳಗೆ ಬಿತ್ತುವುದೇ ಇದರ ಮುಖ್ಯ ಹತೋಟಿ. ತಡವಾದಲ್ಲಿ ಬೀಜದ ಪ್ರಮಾಣವನ್ನು ಹೆಚ್ಚಿಸಿ, ಸುಳಿ ಒಣಗಿದ ಸಸಿಗಳನ್ನು ಕಿತ್ತು ಹಾಕಿ, ಬೇಕಾದಷ್ಟು ಸಸಿಗಳನ್ನು ಉಳಿಸಿಕೊಳ್ಳಬಹುದು.

ರೋಗಗಳು ಮತ್ತು ಬೀಜೋಪಚಾರ

ಧಾನ್ಯದ ಬೆಳೆಗಳ ರೋಗಗಳಲ್ಲಿ ಹೆಚ್ಚಿನವಕ್ಕೆ ಹೊಲದಲ್ಲಿ ಲಕ್ಷಣ ಕಂಡ ಮೇಲೆ ಮಾಡಬಹುದಾದ ಚಿಕಿತ್ಸೆ ಅಲ್ಪ. ಬಿತ್ತುವ ಮೊದಲು, ಅಂಗಳದಲ್ಲಿ, ಅರ್ಧ ಗಂಟೆಯಲ್ಲಿ ಮುಗಿಯುವ ಬೀಜೋಪಚಾರಕ್ಕೆ ಬಲು ಕಡಿಮೆ ಖರ್ಚು.

ಸಜ್ಜೆ, ಜೋಳ, ಮೆಕ್ಕೆಜೋಳಗಳಿಗೆ ಬರುವ ಕೇದಿಗೆ ರೋಗದಲ್ಲಿ ಎಲೆಗಳು ಬಿಳಿಚಿಕೊಂಡು, ಮುಂಜಾನೆ ಎಲೆಯ ಅಡಿಯಲ್ಲಿ ಬಿಳಿಯ ಬೂಜು ಕಾಣುತ್ತದೆ. ಸಜ್ಜೆಯಲ್ಲಿ ತೆನೆಯೇ ಎಲೆಗಳ ಗೊಂಚಲಾಗಿ ಮಾರ್ಪಟ್ಟು ಕಾಳಿಲ್ಲದಂತಾಗುತ್ತದೆ. 1971ರಲ್ಲಿ ದೇಶದಾದ್ಯಂತ ಹಬ್ಬಿದ್ದ ಎಚ್‌ಬಿ-3 ಎಂಬ ಸಜ್ಜೆಯ ಹೈಬ್ರಿಡ್ ತಳಿಯನ್ನು ಈ ರೋಗವು ಹಾಳುಗೆಡವಿತು. ಒಂದೇ ತಳಿಯನ್ನು ಎಲ್ಲೆಡೆ ಬಿತ್ತುವುದರ ಅಪಾಯವನ್ನು ಕಲಿಸಿದ ಘಟನೆ ಅದು. ಮೆಟಲಾಕ್ಸಿಲ್ 35ರ ಪುಡಿಯನ್ನು ಕಿಲೋ ಬೀಜಕ್ಕೆ 6 ಗ್ರಾಂನಂತೆ ಲೇಪಿಸಿ ಬಿತ್ತಬೇಕು. ರೋಗ ತಗುಲಿದ ಗಿಡಗಳನ್ನು ಕಂಡ ಕೂಡಲೆ ಕಿತ್ತು ಸುಡಬೇಕು, ಬದುವಿಗೆ ಎಸೆಯಬಾರದು.

ಸಜ್ಜೆ ಹೂಬಿಡುವಾಗ ಮೋಡ, ತುಂತುರು ಹಿಡಿದರೆ ತೆನೆಯಿಂದ ಜೇನಿನಂತಹ ಅಂಟುರಸ ಜಿನುಗಿ, ಮುಂದೆ ಕಾಳಿನ ಜಾಗದಲ್ಲಿ ಕಪ್ಪು ಗಂಟುಗಳು ಬೆಳೆಯುತ್ತವೆ. ಇದು ಅರ್ಗಟ್ ರೋಗ. ಇಲ್ಲಿ ಪ್ರಶ್ನೆ ಇಳುವರಿಯದಷ್ಟೇ ಅಲ್ಲ. ಆ ಕಪ್ಪು ಗಂಟುಗಳು ಕಾಳಿನೊಡನೆ ಬೀಸಿ ರೊಟ್ಟಿಯಾದರೆ ವಾಂತಿ, ತಲೆಸುತ್ತು ಉಂಟಾಗುತ್ತದೆ, ದನಗಳಿಗೂ ಅದು ವಿಷ. 10 ಲೀಟರ್ ನೀರಿಗೆ 1 ಕಿಲೋ ಉಪ್ಪು ಕರಗಿಸಿ ಬೀಜವನ್ನು ಸುರಿದರೆ ಗಂಟುಗಳೂ ಜೊಳ್ಳೂ ತೇಲುತ್ತವೆ. ಅವನ್ನು ತೆಗೆದು ಸುಟ್ಟು, ಮುಳುಗಿದ ಬೀಜವನ್ನು ಮೂರು ನಾಲ್ಕು ಬಾರಿ ಶುದ್ಧ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಗಂಟುಗಳು ಬೆರೆತಿರುವುದು ಕಂಡಲ್ಲಿ ಊಟದ ಸಜ್ಜೆಯನ್ನೂ ಹೀಗೆಯೇ ಶುದ್ಧಿಗೊಳಿಸಬೇಕು. ಅಂಗನವಾಡಿಗೋ ಸಂತೆಗೋ ಸಿರಿಧಾನ್ಯ ಪೂರೈಸುವ ಮಹಿಳಾ ಸಂಘಗಳಿಗೆ ಈ ತಿಳಿವಳಿಕೆ ಅತ್ಯಗತ್ಯ.

ಜೋಳದ ಕಾಡಿಗೆ ರೋಗಕ್ಕೆ ಕಿಲೋ ಬೀಜಕ್ಕೆ 4 ಗ್ರಾಂ ಗಂಧಕದ ಪುಡಿ ಬೆರೆಸಿದರೆ ಸಾಕು. ರಾಗಿ ಮತ್ತು ನವಣೆಯ ಬೆಂಕಿ ರೋಗಕ್ಕೆ ಕಿಲೋ ಬೀಜಕ್ಕೆ 2 ಗ್ರಾಂ ಕಾರ್ಬೆಂಡಜಿಂ. ರಾಗಿಯಲ್ಲಿ ಈ ರೋಗವನ್ನು ತಡೆಯುವ ಜಿಪಿಯು-28 ತಳಿ ರೈತರಿಗೆ ಪರಿಚಿತವೇ ಆಗಿದೆ. ಮಸಾರಿ ನೆಲದಲ್ಲಿ ಯೂರಿಯಾ ಅತಿಯಾದಷ್ಟೂ ಬೆಂಕಿ ರೋಗಕ್ಕೆ ಆಹ್ವಾನ.

ಸೋಯಾ ಅವರೆಯು ಬೀದರ್, ಬೆಳಗಾವಿ, ಧಾರವಾಡಗಳ ಬೆಳೆ. ಈ ಐದು ತಾಲ್ಲೂಕುಗಳಲ್ಲಿ ಅದಕ್ಕೆ ಅಷ್ಟು ಸ್ಥಾನವಿಲ್ಲ. ಎರೆಭೂಮಿಯ ರೈತರು ಬೆಳೆ ಬದಲಾವಣೆಗಾಗಿ ಅದನ್ನು ಆರಿಸುವುದಾದರೆ ತುಕ್ಕು ರೋಗವೇ ಮುಖ್ಯ ಚಿಂತೆ. ಎಲೆಯ ಅಡಿಯಲ್ಲಿ ಕಂದು ಪುಡಿಯ ಗುಳ್ಳೆಗಳು ಕಂಡರೆ ಹೆಕ್ಸಾಕೊನಜೋಲ್ ಲೀಟರಿಗೆ 1 ಮಿ.ಲೀ. ಸಿಂಪಡಿಸಬೇಕು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಎಸ್‌ಬಿ-21 ತಳಿಗೆ ಈ ರೋಗ ನಿರೋಧಕ ಶಕ್ತಿಯಿದೆ. ಮನೆಯಲ್ಲಿಟ್ಟ ಬೀಜವನ್ನು ಮೊಳಕೆ ಪರೀಕ್ಷಿಸಿ, ನೂರಕ್ಕೆ 70 ಮೊಳೆತರೆ ಮಾತ್ರ ಬಿತ್ತಬೇಕು.

ಔಷಧಿಯ ಅಂಗಡಿ ಮತ್ತು ಸಿಂಪರಣೆ

ಕೀಟನಾಶಕ ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನು ಓದುಬರಹ ಬಾರದವರೂ ಗುರುತಿಸಬಹುದು. ಕೆಂಪು ಅತ್ಯಂತ ವಿಷಕಾರಿ, ಹಳದಿ ಅದಕ್ಕಿಂತ ಕಡಿಮೆ, ಬಳಿಕ ನೀಲಿ, ಕಡೆಗೆ ಹಸಿರು. ಹಸಿರು ಎಂದರೆ ವಿಷವಿಲ್ಲವೆಂದು ಅರ್ಥವಲ್ಲ. 1968ರ ಕೀಟನಾಶಕ ಅಧಿನಿಯಮದ ಪ್ರಕಾರ ಪರವಾನಗಿ ಪಡೆದ ಮಾರಾಟಗಾರನಿಂದ, ರಸೀದಿಯೊಡನೆ ಕೊಂಡ ಔಷಧಿಗೆ ಮಾತ್ರ ದೂರು ಕೊಡಲು ಆಧಾರವಿರುತ್ತದೆ. ಸಾಲದ ಮೇಲೆ ಔಷಧಿ ಕೊಂಡ ರೈತನು ಅಂಗಡಿಯವನು ಕೊಟ್ಟದ್ದನ್ನು ಮರುಮಾತಿಲ್ಲದೆ ಒಯ್ಯುತ್ತಾನೆ, ರಸೀದಿ ಕೇಳಲು ಅಂಜುತ್ತಾನೆ. ಸದಸ್ಯರು ಜೊತೆಗೆ ನಿಂತು ಕೇಳಬಹುದಾದ ಸಂಗತಿಯಿದು. ಯಾವ ಔಷಧಿ ಎಂಬುದನ್ನು ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿಗೆ ಹಾನಿಗೊಂಡ ಗಿಡವನ್ನು ಬೇರುಸಹಿತ ತೋರಿಸಿ ನಿರ್ಧರಿಸಬೇಕೇ ಹೊರತು ಖಾಲಿ ಡಬ್ಬಿಯನ್ನು ತೋರಿಸಿ ‘ಇದೇ ಕೊಡಿ’ ಎನ್ನುವುದರಿಂದಲ್ಲ.

ಎತ್ತರವಾದ ಮೆಕ್ಕೆಜೋಳದ ಒಳಗೆ ನುಗ್ಗಿ ಸಿಂಪಡಿಸುವಾಗ ಔಷಧಿಯು ಮೈಮೇಲೆಯೇ ಬೀಳುತ್ತದೆ. ತುಂಬು ತೋಳಿನ ಅಂಗಿ, ಕೈಗವಸು, ಮುಖಕ್ಕೆ ಬಟ್ಟೆ, ಕಾಲಿಗೆ ಬೂಟು ಇರಬೇಕು. ಗಾಳಿಗೆ ಎದುರಾಗಿ ಹೊಡೆಯಬಾರದು, ಸಿಂಪಡಿಸುತ್ತ ಬೀಡಿ, ಎಲೆಅಡಿಕೆ ಹಾಕಬಾರದು. ತಲೆಸುತ್ತು, ಬೆವರು, ಜೊಲ್ಲು, ಕಣ್ಣು ಮಂಜಾಗುವುದು ಕಂಡೊಡನೆ ಬಟ್ಟೆ ಕಳಚಿ, ಮೈ ತೊಳೆದು, ಔಷಧಿಯ ಡಬ್ಬಿಯೊಡನೆಯೇ ಆಸ್ಪತ್ರೆಗೆ ಒಯ್ಯಬೇಕು. ಡಬ್ಬಿ ನೋಡದೆ ವೈದ್ಯರಿಗೆ ಯಾವ ವಿಷವೆಂದು ತಿಳಿಯದು. ಕೂಲಿಗೆ ಸಿಂಪಡಿಸುವವರು ಒಂದೇ ದಿನ ಹಲವು ಹೊಲಗಳಲ್ಲಿ ದುಡಿಯುವುದರಿಂದ ಅವರಿಗೆ ಅಪಾಯ ಹೆಚ್ಚು. ಊರಿನಲ್ಲಿ ಅಂತಹವರು ಯಾರು ಯಾರಿದ್ದಾರೆಂದು ಗುರುತಿಸಿ, ಅವರಿಗಾಗಿ ವರ್ಷಕ್ಕೊಮ್ಮೆ ತರಬೇತಿ ಏರ್ಪಡಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಖಾಲಿ ಡಬ್ಬಿಗಳನ್ನು ತೂತುಮಾಡಿ ಬೇರೆಯಾಗಿ ಸಂಗ್ರಹಿಸಬೇಕು, ಕೆರೆ, ಹಳ್ಳ, ಬಾವಿಗಳ ಬಳಿ ಪಂಪು ತೊಳೆಯುವುದನ್ನು ಪಂಚಾಯಿತಿಯು ನಿಷೇಧಿಸಬೇಕು.

ಬೆಳೆ ವಿಮೆಯ ಲೆಕ್ಕದಲ್ಲಿ ಗ್ರಾಮ ಪಂಚಾಯಿತಿ

ಇಷ್ಟಾಗಿಯೂ ಬೆಳೆ ಕೈತಪ್ಪಿದರೆ ಉಳಿಯುವುದು ವಿಮೆ. 2016ರಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರಧಾನ್ಯ, ಎಣ್ಣೆಕಾಳುಗಳಿಗೆ ರೈತನು ಕಟ್ಟಬೇಕಾದ ಕಂತು ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5. ಪ್ರಮುಖ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ವಿಮಾ ಘಟಕ, ಉಳಿದ ಬೆಳೆಗಳಿಗೆ ಹೋಬಳಿ. ಕೀಟ, ರೋಗಗಳಿಂದಾದ ನಷ್ಟವು ಇದರಡಿ ಬರುತ್ತದೆ, ಆದರೆ ಒಬ್ಬನ ಹೊಲದ ನಷ್ಟಕ್ಕಾಗಿ ಅಲ್ಲ. ಇಡೀ ಪಂಚಾಯಿತಿಯ ಸರಾಸರಿ ಇಳುವರಿಯು ನಿಗದಿತ ಮಟ್ಟಕ್ಕಿಂತ ಕುಸಿದಿದ್ದರೆ ಮಾತ್ರ ಪರಿಹಾರ. ಹಿಂದಿನ 7 ವರ್ಷಗಳಲ್ಲಿ ಉತ್ತಮವಾದ 5 ವರ್ಷಗಳ ಸರಾಸರಿಯ ಮೇಲೆ ಆ ಮಟ್ಟವನ್ನು ಗೊತ್ತುಮಾಡಲಾಗುತ್ತದೆ. ಆಲಿಕಲ್ಲು, ಹೊಲದಲ್ಲಿ ನೀರು ನಿಲ್ಲುವಂತಹ ಸ್ಥಳೀಯ ವಿಕೋಪಗಳಿಗೆ ಮಾತ್ರ ರೈತನು ತಾನೇ 72 ಗಂಟೆಗಳೊಳಗೆ ತಿಳಿಸಿ ಪ್ರತ್ಯೇಕ ಪರಿಹಾರ ಕೇಳಬಹುದು. ಸೈನಿಕ ಹುಳು ತಿಂದ ಹೊಲದ ಚಿತ್ರ ಹಿಡಿದು ಅಲೆಯುವ ರೈತನಿಗೆ ಈ ಭೇದವನ್ನು ಮೊದಲೇ ತಿಳಿಸಿದ್ದರೆ ಅವನ ಅಲೆದಾಟ ತಪ್ಪುತ್ತದೆ.

ಪಂಚಾಯಿತಿಯ ಸರಾಸರಿ ಇಳುವರಿಯನ್ನು ಕಂಡುಹಿಡಿಯುವುದು ಬೆಳೆ ಕಟಾವು ಪ್ರಯೋಗದಿಂದ. ಒಂದು ಪ್ರಮುಖ ಬೆಳೆಗೆ ಒಂದು ಗ್ರಾಮ ಪಂಚಾಯಿತಿಯಲ್ಲಿ 4 ಪ್ರಯೋಗಗಳು ನಡೆಯುತ್ತವೆ. ಆ ನಾಲ್ಕು ತಾಕುಗಳ ತೂಕದ ಮೇಲೆ ನೂರಾರು ಕುಟುಂಬಗಳ ಪರಿಹಾರ ನಿಂತಿರುತ್ತದೆ. ಪ್ರಯೋಗದ ದಿನವನ್ನು ಮೊದಲೇ ವಿಚಾರಿಸಿಕೊಂಡು, ಆಯ್ಕೆಯಾದ ಸರ್ವೆ ನಂಬರಿನಲ್ಲಿಯೇ ಕಟಾವು ನಡೆಯುತ್ತಿದೆಯೇ, ತಾಕಿನ ಅಳತೆ ಸರಿಯಾಗಿದೆಯೇ, ತೂಕವು ಅಲ್ಲಿಯೇ ದಾಖಲಾಗುತ್ತಿದೆಯೇ ಎಂಬುದನ್ನು ಆ ವಾರ್ಡಿನ ಸದಸ್ಯರು ಹಾಜರಿದ್ದು ನೋಡಬೇಕು. ವಿಮೆ ಮಾಡಿಸಿದ ಬೆಳೆಯೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ಒಂದೇ ಆಗಿರಬೇಕು. ನವಣೆ ಬಿತ್ತಿದ ಹೊಲವು ಸಮೀಕ್ಷೆಯಲ್ಲಿ ಮೆಕ್ಕೆಜೋಳವೆಂದು ದಾಖಲಾಗಿದ್ದಲ್ಲಿ, ಆಕ್ಷೇಪಣೆ ಸಲ್ಲಿಸುವ ಅವಧಿ ಮುಗಿಯುವ ಮೊದಲು ಅದನ್ನು ಸರಿಪಡಿಸಿಕೊಳ್ಳಲು ರೈತರಿಗೆ ತಿಳಿಸತಕ್ಕದ್ದು.